ಗೇಟು ಎಲ್ಲಿ ಕಟ್ಟೋಣ, ನೀರು ಎಲ್ಲಿ ಹುಡುಕೋಣ?

ಓದುಗರ ಪ್ರಶ್ನೆ – ನಮ್ಮ ಉತ್ತರ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಈ ಸಲದ ಪತ್ರಗಳಲ್ಲಿ ಕೆನೋ ಸ್ಲಾಲಂ ಕುರಿತವೇ ಹೆಚ್ಚು. ನೀರಿನ ಮೇಲೆ ತೂಗುಬಿಟ್ಟ ಜೋಡಿ ಕೋಲುಗಳ ನಡುವೆ ಹುಟ್ಟು ಹಾಕುತ್ತ ಸಣ್ಣ ದೋಣಿ ನುಸುಳಿಸುವ ಓಟ ಇದು; ಆ ಜೋಡಿ ಕೋಲಿಗೇ ಗೇಟು ಎನ್ನುತ್ತಾರೆ. ದೋಣಿ ಇವೆ, ಹುಡುಗರೂ ಇದ್ದಾರೆ. ಇಲ್ಲದಿರುವುದು ಅಭ್ಯಾಸದ ಗೇಟು ಮತ್ತು ಅದಕ್ಕೆ ಒಪ್ಪುವ ನೀರು. ಒಂದೇ ತರಹದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಕ್ಲಬ್ಬಿನಾಗ ನಾಲ್ಕು ಕಯಾಕ್ ಅದಾವು. ಇಲ್ಲಿ ಕೃಷ್ಣಾ ನದಿ ಅಂದ್ರ ವರ್ಷದ ಬಹಳ ದಿನ ನಿಂತ ನೀರು. ಸ್ಲಾಲಂಗೆ ಭೋರ್ಗರೆಯೋ ನೀರೇ ಬೇಕಂತಾರ. ಹಂಗಾದ್ರ ನಮ್ಮ ಹುಡುಗರು ಇದರ ಆಸೆ ಬಿಡಬೇಕೇನ್ರಿ?
– ದೈಹಿಕ ಶಿಕ್ಷಣ ಶಿಕ್ಷಕರು, ಜಮಖಂಡಿ

ಉತ್ತರ: ಬಿಡಬೇಡಿ ಸರ್. ಸ್ಪರ್ಧೆಗೆ ಸೆಳವಿನ ನೀರು ಬೇಕು ಎನ್ನುವುದು ನಿಜ. ಆದರೆ ದೋಣಿ ತಿರುಗಿಸುವುದು, ಕೋಲಿಗೆ ಮೈ ತಾಗದಂತೆ ನುಸುಳುವುದು, ಮುಂದಿನ ಗೇಟಿನ ದಾರಿ ಹಿಡಿಯುವುದು, ಇವನ್ನೆಲ್ಲ ಕಲಿಯುವುದು ನಿಂತ ನೀರಿನಲ್ಲೇ.

ಅಂತರರಾಷ್ಟ್ರೀಯ ನಿಯಮದಂತೆ ಒಂದು ಓಟದಲ್ಲಿ 18ರಿಂದ 25 ಗೇಟು. ಹಸಿರು-ಬಿಳಿ ಕೋಲಿನ ಗೇಟನ್ನು ನೀರು ಹರಿಯುವ ದಿಕ್ಕಿಗೆ, ಕೆಂಪು-ಬಿಳಿ ಕೋಲಿನದನ್ನು ಸೆಳವಿಗೆ ಎದುರಾಗಿ ದಾಟಬೇಕು. ಕೆಂಪು ಗೇಟು ಕಡಿಮೆ ಎಂದರೂ ಆರು ಇರುತ್ತವೆ. ಕೋಲು ಮುಟ್ಟಿದರೆ 2 ಸೆಕೆಂಡ್, ಗೇಟು ತಪ್ಪಿದರೆ 50 ಸೆಕೆಂಡ್ ದಂಡ. ಇಡೀ ಓಟ ಮುಗಿಯುವುದೇ ಒಂದೂವರೆ ನಿಮಿಷದ ಆಸುಪಾಸಿನಲ್ಲಿ. ಹಾಗಾಗಿ ಒಂದು ಗೇಟು ತಪ್ಪಿತೆಂದರೆ ಆ ಓಟ ಹೋದಂತೆಯೇ.

ನಿಂತ ನೀರಿನಲ್ಲಿ ಎಂಟು ಮೀಟರ್ ಚೌಕದ ನಾಲ್ಕು ಮೂಲೆಗೆ ನಾಲ್ಕು ಗೇಟು ತೂಗುಬಿಡಿ, ಎರಡು ಹಸಿರು, ಎರಡು ಕೆಂಪು. ಸೆಳವಿಲ್ಲದ ಕಡೆ ‘ಮೇಲು’ ಯಾವುದು, ‘ಕೆಳಗು’ ಯಾವುದು ಎಂದು ದಡದ ಒಂದು ಗುರುತಿನಿಂದ ಮೊದಲೇ ಗೊತ್ತುಮಾಡಿಕೊಳ್ಳಿ. ಮೊದಲು ಎಂಟರ ಆಕಾರದಲ್ಲಿ ಎರಡೇ ಗೇಟು ಸುತ್ತಲಿ. ಅದು ಕೈಗೆ ಹತ್ತಿದ ಮೇಲೆ ನಾಲ್ಕನ್ನೂ ಬೇರೆ ಬೇರೆ ಕ್ರಮದಲ್ಲಿ ಕೊಡಿ. 45 ಸೆಕೆಂಡ್ ಜೋರು ಓಟ, ಎರಡು ನಿಮಿಷ ವಿಶ್ರಾಂತಿ, ಹೀಗೆ ಆರು ಸುತ್ತು. ದಡದಲ್ಲಿ ಒಬ್ಬರು ಸ್ಟಾಪ್‌ವಾಚ್ ಹಿಡಿದು ಪ್ರತಿ ಸ್ಪರ್ಶಕ್ಕೂ 2 ಸೆಕೆಂಡ್ ಸೇರಿಸಲೇಬೇಕು. ಮೊದಲ ದಿನದಿಂದ ಇದನ್ನು ಬಿಟ್ಟುಕೊಟ್ಟರೆ ಕೋಲಿಗೆ ಭುಜ ಒರೆಸಿಕೊಂಡು ಹೋಗುವ ಚಾಳಿ ಅಂಟುತ್ತದೆ, ಬಿಡಿಸುವುದು ಕಷ್ಟ.

ಹೊಸಬರಿಗೆ ಕೋಲು ತಾಗುವುದು ಹೆಚ್ಚಾಗಿ ದೋಣಿಯ ಹಿಂಬದಿಯಿಂದ. ಮೂತಿ ಗೇಟು ದಾಟಿದ ಕೂಡಲೇ ಜೋರಾಗಿ ತಿರುಗಿಸುತ್ತಾರೆ. ಮೂತಿ ಒಳಕ್ಕೆ ಬಂದಷ್ಟೇ ಬಾಲ ಹೊರಕ್ಕೆ ಬೀಸಿ ಕೋಲಿಗೆ ಬಡಿಯುತ್ತದೆ. ಗೇಟಿಗೆ ಬರುವ ಮೊದಲೇ ಸ್ವಲ್ಪ ಅಗಲದಿಂದ ಬಂದು, ಅರ್ಧ ತಿರುವನ್ನು ಗೇಟಿನ ಹೊರಗೇ ಮುಗಿಸಿ, ಹುಟ್ಟನ್ನು ಮೂತಿಯ ಪಕ್ಕ ನೆಟ್ಟು ಅದರ ಸುತ್ತ ದೋಣಿ ತಿರುಗಿಸುವುದು ಇದಕ್ಕೆ ಮದ್ದು. ಕಣ್ಣು ಈ ಗೇಟಿನ ಕೋಲಿನ ಮೇಲಲ್ಲ, ಮುಂದಿನ ಗೇಟಿನ ಮೇಲಿರಬೇಕು. ದಾಟಿದ್ದು ಲೆಕ್ಕಕ್ಕೆ ಬರಬೇಕಾದರೆ ಪೂರ್ತಿ ತಲೆಯೂ ದೋಣಿಯ ಒಂದಿಷ್ಟು ಭಾಗವೂ ಒಟ್ಟಿಗೇ ಎರಡು ಕೋಲಿನ ನಡುವೆ ಹಾಯಬೇಕು. ಇದನ್ನು ಹುಡುಗರಿಗೆ ನೆಲದ ಮೇಲೆ ಎರಡು ಕೋಲು ನೆಟ್ಟು ತೋರಿಸಿದರೆ ಬೇಗ ತಿಳಿಯುತ್ತದೆ.

ಪ್ರಶ್ನೆ: ಗೇಟನ್ನು ನಾವೇ ಮಾಡಿಕೊಳ್ಳಬಹುದೇ? ಮಲಪ್ರಭೆಯ ಒಂದು ಮಡುವಿನಲ್ಲಿ ಎರಡೂ ದಡಕ್ಕೆ ಗಟ್ಟಿ ಮರಗಳಿವೆ, ನಡುವೆ 20 ಮೀಟರ್ ಅಗಲ. ಹಗ್ಗ ಕಟ್ಟಿ ನೋಡಿದೆವು, ನಡುವೆ ಜೋತುಬಿತ್ತು. ಬಿಗಿ ಎಳೆದರೆ ಕಟ್ಟಿದ ಕೊಂಬೆಯೇ ಸೀಳಿತು.
– ಯುವಕ ಸಂಘ, ಬೈಲಹೊಂಗಲ

ಉತ್ತರ: ಧಾರಾಳವಾಗಿ ಮಾಡಿಕೊಳ್ಳಬಹುದು. ಬೇಕಾದ ಸಾಮಾನೆಲ್ಲ ನಿಮ್ಮೂರಿನ ಪಂಪ್‌ಸೆಟ್ ಅಂಗಡಿ, ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ.

ಕೋಲಿನ ಉದ್ದ 1.6ರಿಂದ 2 ಮೀಟರ್, ದಪ್ಪ 3.5ರಿಂದ 5 ಸೆಂ.ಮೀ. ಇರಬೇಕು ಎನ್ನುತ್ತದೆ ನಿಯಮ. ಹೊಲದ ನೀರಾವರಿಗೆ ಬಳಸುವ 40 ಮಿ.ಮೀ. ಪಿವಿಸಿ ಪೈಪು ಇದಕ್ಕೆ ಹೇಳಿ ಮಾಡಿಸಿದಂತಿದೆ. 6 ಮೀಟರಿನ ಒಂದು ಪೈಪು ಕೊಯ್ದರೆ 2 ಮೀಟರಿನ ಮೂರು ಕೋಲು. ನಾಲ್ಕು ಗೇಟಿಗೆ ಎಂಟು ಕೋಲು ಬೇಕು. ಮೂರು ಪೈಪು ತಂದರೆ ಒಂದು ಕೋಲು ಹೆಚ್ಚುವರಿ ಉಳಿಯುತ್ತದೆ.

ಕೋಲು ಬರೀ ಹಗುರಾದರೆ ನಮ್ಮ ಕಡೆಯ ಗಾಳಿಗೆ ಒಂದು ಕಡೆ ನಿಲ್ಲುವುದಿಲ್ಲ. ಕೆಳತುದಿಗೆ ಎಂಡ್ ಕ್ಯಾಪ್ ಅಂಟಿಸಿ, ಒಳಗೆ ಒಂದು ಅಡಿ ಎತ್ತರಕ್ಕೆ ಒಣ ಮರಳು ಸುರಿಯಿರಿ. ಅದು ಸುಮಾರು ಅರ್ಧ ಕೆ.ಜಿ. ಆಗುತ್ತದೆ. ಮೇಲೆ ಬಟ್ಟೆಯ ಉಂಡೆ ಗಿಡಿದು ಮರಳು ಕದಲದಂತೆ ಮಾಡಿ. ಇದಕ್ಕಿಂತ ಭಾರ ಬೇಡ, ಕೋಲು ಮುಖಕ್ಕೂ ಬಡಿಯುತ್ತದೆ. ಮೇಲಿನ ಕ್ಯಾಪಿಗೆ ತೂತು ಕೊರೆದು ನೈಲಾನ್ ದಾರ ತೂರಿಸಿ ಒಳಗಡೆ ದೊಡ್ಡ ಗಂಟು ಹಾಕಿ, ಆಮೇಲೆ ಅಂಟಿಸಿ.

ಬಣ್ಣಕ್ಕೆ ಮೊದಲು ಪೈಪಿನ ಹೊಳಪು ಹೋಗುವಂತೆ ಮರಳುಕಾಗದದಿಂದ ಉಜ್ಜಲೇಬೇಕು. ಇಲ್ಲದಿದ್ದರೆ ಎನಾಮೆಲ್ ಪೇಂಟ್ ಒಂದೇ ಬೇಸಿಗೆಗೆ ಹಪ್ಪಳದಂತೆ ಏಳುತ್ತದೆ. ಇನ್ಸುಲೇಶನ್ ಟೇಪು ಬಿಸಿಲಿಗೆ ಜಾರುತ್ತದೆ, ಅದನ್ನು ನೆಚ್ಚಬೇಡಿ. 20 ಸೆಂ.ಮೀ.ಗೊಂದು ಪಟ್ಟಿ ಎಳೆದರೆ 2 ಮೀಟರಿಗೆ ಸರಿಯಾಗಿ ಹತ್ತು, ಐದು ಬಿಳಿ, ಐದು ಬಣ್ಣದ್ದು. ತೀರ ಕೆಳಗಿನ ಪಟ್ಟಿ ಯಾವಾಗಲೂ ಬಿಳಿ.

ಎರಡು ಕೋಲನ್ನು ಒಂದು ಅಡ್ಡ ಬಿದಿರಿಗೆ ಕಟ್ಟಿ. ನಿಯಮದಲ್ಲಿ ಗೇಟಿನ ಅಗಲ 1.2ರಿಂದ 4 ಮೀಟರ್‌ವರೆಗೆ ಇರಬಹುದು. ಹೊಸಬರಿಗೆ 1.8 ಮೀಟರಿನಿಂದ ಶುರುಮಾಡಿ, ಕೈ ಕುದುರಿದಂತೆ 1.2ಕ್ಕೆ ತನ್ನಿ. ಬಿದಿರಿನ ಎರಡೂ ತುದಿಯಿಂದ ದಾರ ಮೇಲಕ್ಕೆ ಹೋಗಿ, ಮುಖ್ಯ ಹಗ್ಗಕ್ಕೆ ಕಟ್ಟಿದ ಸಣ್ಣ ರಾಟೆಯ ಮೇಲೆ ಹಾಯ್ದು ದಡಕ್ಕೆ ಬರಲಿ. ಮನೆಯಲ್ಲಿ ಬಟ್ಟೆ ಒಣಹಾಕುವ ಸ್ಟ್ಯಾಂಡ್ ಮೇಲೆಳೆಯಲು ಬಳಸುವ ರಾಟೆ ಸಾಕು. ಹೀಗಿದ್ದರೆ ನದಿಯ ಮಟ್ಟ ಒಂದು ಗೇಣು ಏರಿಳಿದರೂ ದಡದಲ್ಲಿ ನಿಂತೇ ಗೇಟು ಎತ್ತಿ ಇಳಿಸಬಹುದು. ಕೋಲಿನ ತುದಿ ನೀರಿನಿಂದ ಸುಮಾರು 20 ಸೆಂ.ಮೀ. ಮೇಲಿರಬೇಕು. ನೀರಿಗೆ ತಾಗಿದರೆ ಸೆಳವು ಅದನ್ನು ಅಲುಗಿಸುತ್ತಲೇ ಇರುತ್ತದೆ. ದೋಣಿ ತಾಗಿತೋ ನೀರು ತಾಗಿತೋ ಹೇಳಲಾಗದು.

ಇನ್ನು ನಿಮ್ಮ ಮುರಿದ ಕೊಂಬೆಯ ವಿಷಯ. ಹಗ್ಗ ಜೋಲುಬೀಳುವುದು ತಪ್ಪಲ್ಲ, ಜೋಲು ಇರಲೇಬೇಕು. 20 ಮೀಟರ್ ಹಗ್ಗದ ನಡುವೆ 4 ಕೆ.ಜಿ.ಯ ಒಂದು ಗೇಟು ತೂಗಿದೆ ಎನ್ನಿ. ಅರ್ಧ ಮೀಟರ್ ಜೋಲು ಬಿಟ್ಟರೆ ಮರದ ಮೇಲೆ ಬೀಳುವ ಎಳೆತ ಸುಮಾರು 40 ಕೆ.ಜಿ. ಅದೇ ಹಗ್ಗವನ್ನು ಎಳೆದೆಳೆದು ಜೋಲು 10 ಸೆಂ.ಮೀ.ಗೆ ಇಳಿಸಿದರೆ ಎಳೆತ 200 ಕೆ.ಜಿ.ಗೆ ಏರುತ್ತದೆ. ಸೀಳಿದ್ದು ಅದಕ್ಕೇ. ಕೊಂಬೆಗೆ ಕಟ್ಟದೆ ಬೊಡ್ಡೆಗೇ ಕಟ್ಟಿ, ತೊಗಟೆ ಕೊಯ್ಯದಂತೆ ಹಳೆಯ ಟೈರಿನ ತುಂಡು ಸುತ್ತಿ. ದಡದಲ್ಲಿ ನಾಲ್ಕು ಮೀಟರ್ ಎತ್ತರ, ನಡುವೆ ಮೂರೂವರೆ ಮೀಟರ್ ಎತ್ತರ ಸಿಕ್ಕರೆ ಸರಿಹೋಗುತ್ತದೆ. 8 ಮಿ.ಮೀ. ಪಾಲಿಯೆಸ್ಟರ್ ಹಗ್ಗ ಕೊಳ್ಳಿ. ನೈಲಾನ್ ನೆನೆದರೆ ಹಿಗ್ಗುತ್ತದೆ, ದಿನಾ ಬೆಳಿಗ್ಗೆ ಬಿಗಿಯುವುದೇ ಕೆಲಸವಾಗುತ್ತದೆ. ಮುಂದೆ ಉಕ್ಕಿನ ವೈರ್ ರೋಪ್ ಹಾಕುವುದಾದರೆ ತುದಿಗೆ ಮೂರು ಮೂರು ಕ್ಲಾಂಪ್ ಬೇಕು. ಕ್ಲಾಂಪಿನ ‘ಯು’ ಭಾಗ ಮಡಚಿದ ತುದಿಯ ಎಳೆಯ ಮೇಲೆ, ತಟ್ಟೆಯ ಭಾಗ ಭಾರ ಹೊರುವ ಎಳೆಯ ಮೇಲೆ ಕೂರಬೇಕು. ತಿರುಗಾಮುರುಗಾ ಹಾಕಿದರೆ ‘ಯು’ ಭಾಗವು ಭಾರ ಹೊರುವ ಎಳೆಯನ್ನೇ ಕಚ್ಚಿ ಹಾಳುಮಾಡುತ್ತದೆ.

ದಡದ ಪಂಪ್‌ಸೆಟ್ಟುಗಳ ಕರೆಂಟ್ ತಂತಿಯ ಹತ್ತಿರ ಯಾವ ಹಗ್ಗ, ವೈರನ್ನೂ ಒಯ್ಯಬೇಡಿ. ನೀರಿನೊಳಗೆ ಇಳಿಬಿಟ್ಟ ಸಕ್ಷನ್ ಪೈಪು, ಫುಟ್‌ವಾಲ್ವ್ ಎಲ್ಲೆಲ್ಲಿವೆ ಎಂದು ಆ ಹೊಲದವರನ್ನೇ ಕೇಳಿ, ಅಲ್ಲಿ ಬಣ್ಣದ ಡಬ್ಬಿ ತೇಲಿಬಿಡಿ. ಮುಂಗಾರು ಹಿಡಿಯುವ ಮೊದಲು ಎಲ್ಲ ಹಗ್ಗ ಬಿಚ್ಚಿ ಮನೆಗೆ ಒಯ್ಯಬೇಕು. ಹೊಳೆ ತುಂಬಿದಾಗ ಬೇರುಸಹಿತ ತೇಲಿಬರುವ ಒಂದು ಮರ ಹಗ್ಗಕ್ಕೆ ಸಿಕ್ಕರೆ ಹಗ್ಗವೂ ಹೋಗುತ್ತದೆ, ಕಟ್ಟಿದ ಮರವೂ ಹೋಗುತ್ತದೆ.

ಪ್ರಶ್ನೆ: ನಮ್ಮದು ಆಲಮಟ್ಟಿ ಹಿನ್ನೀರು. ದಡದಲ್ಲಿ ಮರವಿಲ್ಲ. ಮಳೆಗಾಲ ಮುಗಿದಾಗ ಇದ್ದ ದಡ ಬೇಸಿಗೆಗೆ ಎಲ್ಲೋ ದೂರ ಸರಿದಿರುತ್ತದೆ. ಗೇಟು ತೂಗುಹಾಕುವುದು ಹೇಗೆ?
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ಅಲ್ಲಿ ತೇಲುವ ಕೋಲು ಮಾಡಿ. ಅದೇ 40 ಮಿ.ಮೀ. ಪೈಪಿನ 2 ಮೀಟರ್ ತುಂಡು. ಎರಡೂ ತುದಿಗೆ ಕ್ಯಾಪ್. ಕೆಳಗಿನಿಂದ 80 ಸೆಂ.ಮೀ. ಅಳೆದು ಅಲ್ಲಿಗೆ 5 ಲೀಟರಿನ ಅಡುಗೆ ಎಣ್ಣೆಯ ಕ್ಯಾನನ್ನು ಮುಚ್ಚಳ ಬಿಗಿದು ಕಟ್ಟಿ. ಪೈಪಿನ ಕೆಳತುದಿಗೆ 2 ಕೆ.ಜಿ. ಕಲ್ಲು. ಕೋಲು ನೆಟ್ಟಗೆ ನಿಂತು ಸುಮಾರು 1.2 ಮೀಟರ್ ಮೇಲೆ ಕಾಣುತ್ತದೆ. ಕೆಳತುದಿಯಿಂದ ಹಗ್ಗ ಬಿಟ್ಟು 5 ಕೆ.ಜಿ. ಮರಳಿನ ಚೀಲಕ್ಕೆ ಕಟ್ಟಿ ತಳಕ್ಕೆ ಇಳಿಸಿ. ಹಗ್ಗ ಸಡಿಲ ಉಳಿಯದಿರಲಿ, ಮಗುಚಿದವರ ಕಾಲಿಗೆ ಸುತ್ತುವುದು ಸಡಿಲ ಹಗ್ಗವೇ.

ಇದಕ್ಕೊಂದು ಮಿತಿಯಿದೆ. ತೂಗುವ ಕೋಲಿನ ಕೆಳಗೆ 20 ಸೆಂ.ಮೀ. ತೆರಪಿರುವುದರಿಂದ ದೋಣಿಯ ಚಪ್ಪಟೆ ಬಾಲ ಅದರಡಿ ಜಾರಿಹೋಗಬಹುದು, ಪಳಗಿದವರು ಬಾಲವನ್ನು ನೀರಿನೊಳಗೆ ಮುಳುಗಿಸಿಯೇ ತಿರುಗುತ್ತಾರೆ. ತೇಲುವ ಕೋಲಿನಲ್ಲಿ ಬಾಲ ಕ್ಯಾನಿಗೆ ಬಡಿಯುತ್ತದೆ. ಆದ್ದರಿಂದ ಇದು ದಾರಿ ಹಿಡಿಯುವುದಕ್ಕೆ, ವೇಗಕ್ಕೆ, ತಲೆ-ಭುಜದ ಹಿಡಿತಕ್ಕೆ ಸಾಕು. ಆ ತಿರುವಿಗೆ ಸಾಲದು. ತಿಂಗಳಿಗೊಮ್ಮೆಯಾದರೂ ತೂಗುವ ಗೇಟು ಇರುವ ಕಡೆ ಹೋಗಿಬನ್ನಿ.

ಹಿನ್ನೀರಿನ ಅಂಚಿನಲ್ಲಿ ಮುಳುಗಿರುವ ಬಳ್ಳಾರಿ ಜಾಲಿಯಿಂದ ದೂರವಿರಿ. ಮುಳ್ಳಿನ ಪೊದೆಯೊಳಗೆ ನೀರು ಹಾಯುತ್ತದೆ, ಮನುಷ್ಯ ಹಾಯುವುದಿಲ್ಲ.

ಪ್ರಶ್ನೆ: ಬಾಂದಾರದ ಕೆಳಗೆ ನೀರು ಬಿಳಿ ನೊರೆಯಾಗಿ ಧುಮುಕುತ್ತದೆ. ಪಕ್ಕದಲ್ಲಿ ಕಾಲುವೆಯಲ್ಲೂ ಒಳ್ಳೆಯ ಸೆಳವಿದೆ. ಎರಡರಲ್ಲಿ ಗೇಟು ಕಟ್ಟಲು ಯಾವುದು ಮೇಲು?
– ಕಾಲೇಜು ವಿದ್ಯಾರ್ಥಿಗಳು, ಗೋಕಾಕ

ಉತ್ತರ: ಎರಡೂ ಬೇಡ. ದಯವಿಟ್ಟು ಬೇಡ.

ಬಾಂದಾರ, ಬ್ಯಾರೇಜ್, ಒಡ್ಡು ಯಾವುದೇ ಇರಲಿ, ನೀರು ಈ ದಡದಿಂದ ಆ ದಡದವರೆಗೆ ಒಂದೇ ಸಮನೆ ಬಿದ್ದಾಗ ಅದರ ಬುಡದಲ್ಲಿ ಉರುಳೆ ಏಳುತ್ತದೆ. ಬಿದ್ದ ನೀರು ತಳಕ್ಕೆ ಹೋಗಿ, ಮುಂದೆ ಉಕ್ಕಿ, ಮೇಲ್ಮೈಯಲ್ಲಿ ಮತ್ತೆ ಒಡ್ಡಿನ ಕಡೆಗೇ ಹಿಂದಕ್ಕೆ ಓಡುತ್ತದೆ. ಅದರೊಳಗೆ ಸಿಕ್ಕ ದೋಣಿ, ಮನುಷ್ಯ, ಮರದ ದಿಮ್ಮಿ ಎಲ್ಲವೂ ಸುತ್ತುತ್ತಲೇ ಇರುತ್ತವೆ. ನೊರೆಯಲ್ಲಿ ಅರ್ಧ ಗಾಳಿಯೇ ಇರುವುದರಿಂದ ಲೈಫ್ ಜಾಕೆಟ್ ಕೂಡ ಮೇಲಕ್ಕೆತ್ತುವುದಿಲ್ಲ, ಹುಟ್ಟಿಗೂ ಹಿಡಿತ ಸಿಗುವುದಿಲ್ಲ. ನದಿಯ ಬಂಡೆಗಳ ನಡುವಿನ ಉರುಳೆಗೆ ಪಕ್ಕದಲ್ಲಿ ಎಲ್ಲಾದರೂ ಬಾಯಿ ಇರುತ್ತದೆ, ಅಲ್ಲಿಂದ ಜಾರಿಕೊಳ್ಳಬಹುದು. ಬಾಂದಾರಕ್ಕೆ ಎರಡೂ ಬದಿ ಗೋಡೆ. ನೋಡಲು ಒಂದು ಮೀಟರ್ ಬೀಳುವ ಸಣ್ಣ ಒಡ್ಡೂ ಹೀಗೇ ಕೊಲ್ಲುತ್ತದೆ. ಮೇಲಿನ ಬಾಗಿಲು ತೆಗೆದರೆ ನಿಮಿಷಗಳಲ್ಲಿ ನೀರಿನ ಮಟ್ಟ ಏರುವ ಭಯ ಬೇರೆ. ಧೂಪದಾಳ ಇರಲಿ, ಹಿಪ್ಪರಗಿ ಇರಲಿ, ಊರ ಪಕ್ಕದ ಸಣ್ಣ ಬಾಂದಾರ ಇರಲಿ, ಮೇಲ್ಗಡೆ 200 ಮೀಟರಿನೊಳಗೆ ದೋಣಿ ಇಳಿಸಬೇಡಿ. ಕೆಳಗಡೆ ನೀರು ಹಿಂದಕ್ಕೆ ಓಡುವ ಗೆರೆ ದಾಟಿ, ಹರಿವು ಪೂರಾ ಮುಂದಕ್ಕೇ ಸಾಗುವಲ್ಲಿಂದಲೂ ಸಾಕಷ್ಟು ಆಚೆ ಇರಿ.

ಕಾಲುವೆಯಲ್ಲಿ ಸೆಳವು ಅಂದವಾಗಿ ಕಾಣುತ್ತದೆ. ಆದರೆ ಇಳಿಜಾರು ಕಾಂಕ್ರೀಟಿಗೆ ಪಾಚಿ ಹಿಡಿದಿರುತ್ತದೆ, ಹತ್ತಲು ಬೆರಳೂರುವ ಜಾಗವಿಲ್ಲ. ಮುಂದೆ ಸೈಫನ್ (ನೀರು ನೆಲದಡಿ ಹಾಯುವ ಕೊಳವೆ) ಅಥವಾ ಕಸ ತಡೆಯುವ ಸರಳಿನ ಜಾಲರಿ ಬಂದರೆ ನೀರು ಮನುಷ್ಯನನ್ನು ಅದಕ್ಕೆ ಒತ್ತಿ ಹಿಡಿಯುತ್ತದೆ. ಜೊತೆಗೆ ಬಂಡೆ, ತಿರುವು ಇಲ್ಲದ ಕಾಲುವೆಯಲ್ಲಿ ಹಿಮ್ಮುಖ ಹರಿವೇ ಹುಟ್ಟುವುದಿಲ್ಲ. ಕೆಂಪು ಗೇಟಿನ ಅಭ್ಯಾಸಕ್ಕೆ ಬೇಕಾದ್ದೇ ಅದು.

ಪ್ರಶ್ನೆ: ಮಳೆ ಹಿಂದೆ ಸರಿದ ಮೇಲೆ ಅಸೋಗಾ, ಹಬ್ಬನಹಟ್ಟಿ ಕಡೆ ಮಲಪ್ರಭೆ ಬಂಡೆಗಳ ನಡುವೆ ಚೆನ್ನಾಗಿ ಹರಿಯುತ್ತದೆ. ಆ ನೀರು ಅಭ್ಯಾಸಕ್ಕೆ ತಕ್ಕದ್ದೇ ಎಂದು ಅಳೆಯುವುದು ಹೇಗೆ?
– ಓದುಗರು, ಖಾನಾಪುರ

ಉತ್ತರ: ಒಂದು ತೆಂಗಿನಕಾಯಿ, ಒಂದು ಟೇಪು, ಒಂದು ಗಡಿಯಾರ ಸಾಕು. ದಡದ ಮೇಲೆ 20 ಮೀಟರ್ ಗುರುತು ಮಾಡಿ, ಕಾಯಿ ತೇಲಿಬಿಟ್ಟು ಎಷ್ಟು ಸೆಕೆಂಡಿಗೆ ದಾಟಿತು ನೋಡಿ. ಮೂರು ಸಲ ಬಿಟ್ಟು ಸರಾಸರಿ ತೆಗೆಯಿರಿ. 16 ಸೆಕೆಂಡ್ ಹಿಡಿದರೆ ಮೇಲ್ಮೈ ವೇಗ ಸೆಕೆಂಡಿಗೆ 1.25 ಮೀಟರ್. ತಳದಲ್ಲಿ ನೀರು ನಿಧಾನ, ಅದಕ್ಕೆ 0.85ರಿಂದ ಗುಣಿಸಿ, ಸುಮಾರು 1.06 ಬರುತ್ತದೆ. ಅಲ್ಲಿ ಹೊಳೆಯ ಅಗಲ 8 ಮೀಟರ್, ಸರಾಸರಿ ಆಳ 60 ಸೆಂ.ಮೀ. ಇದ್ದರೆ ಹರಿವು ಸೆಕೆಂಡಿಗೆ 5 ಘನ ಮೀಟರಿಗಿಂತ ತುಸು ಹೆಚ್ಚು, ಅಂದರೆ ಸುಮಾರು 180 ಕ್ಯೂಸೆಕ್. 2012ರ ಒಲಿಂಪಿಕ್ಸ್ ನಡೆದ ಲಂಡನ್ ಹತ್ತಿರದ ಲೀ ವ್ಯಾಲಿಯ ಕೃತಕ ಕಾಲುವೆಯಲ್ಲಿ ಹರಿಯುವುದು 13 ಘನ ಮೀಟರ್, ನಮ್ಮ ಲೆಕ್ಕದಲ್ಲಿ 460 ಕ್ಯೂಸೆಕ್. ಪತ್ರಿಕೆಯಲ್ಲಿ ದಿನಾ ಓದುವ ಜಲಾಶಯದ ಹೊರಹರಿವಿನ ಮುಂದೆ ಇದು ಏನೂ ಅಲ್ಲ. ಅಲ್ಲಿ ಆಟ ಕಟ್ಟಿಕೊಟ್ಟಿರುವುದು ನೀರಿನ ಪ್ರಮಾಣ ಅಲ್ಲ. 300 ಮೀಟರಿನಲ್ಲಿ ಐದೂವರೆ ಮೀಟರ್ ಇಳಿಜಾರು ಮತ್ತು ಸರಿಯಾದ ಜಾಗದಲ್ಲಿಟ್ಟ ಅಡೆತಡೆಗಳು.

ಹಾಗಾಗಿ ನೀವು ನೋಡಬೇಕಾದ್ದು ಬಂಡೆಯ ಹಿಂದೆ ನೀರು ಮೇಲ್ಮುಖವಾಗಿ ತಿರುಗುವ ಜಾಗ, ದೋಣಿಯವರ ಮಾತಿನಲ್ಲಿ ಎಡ್ಡಿ. ಅದು ದೋಣಿಯಷ್ಟು, ಎಂದರೆ ಮೂರೂವರೆ ಮೀಟರ್ ಉದ್ದವಾದರೂ ಇರಬೇಕು. ಕೆಂಪು ಗೇಟು ತೂಗುವುದು ಅಲ್ಲೇ, ಸೆಳವು ಮತ್ತು ಹಿಮ್ಮುಖ ಹರಿವಿನ ನಡುವಿನ ಗೆರೆಯಿಂದ ಅರ್ಧ ಮೀಟರ್ ಒಳಗೆ. ಗೆರೆಯ ಮೇಲೇ ತೂಗಿದರೆ ಹೊಸಬರು ಅಲ್ಲೇ ಮಗುಚುತ್ತಾರೆ. ವೇಗ ಸೆಕೆಂಡಿಗೆ ಒಂದರಿಂದ ಎರಡು ಮೀಟರ್, ಆಳ ಎಲ್ಲೂ ಅರ್ಧ ಮೀಟರಿಗೆ ಕಡಿಮೆಯಿಲ್ಲ, ಕೊನೆಯ ಗೇಟಿನ ಕೆಳಗೆ ಶಾಂತವಾದ ಮಡು, ನಡುವೆ ಬಿದ್ದ ಮರವಿಲ್ಲ, ಇಷ್ಟಿದ್ದರೆ ಆ ಜಾಗ ಆಗುತ್ತದೆ. ಮಗುಚಿದವರು ಸೇರುವ ಮಡುವಿನ ತಲೆಯಲ್ಲಿ 15–20 ಮೀಟರ್ ತೇಲುವ ಹಗ್ಗ ತುಂಬಿದ, ನೀರಿನಲ್ಲಿರುವವರತ್ತ ಎಸೆಯುವ ಚೀಲ (ಥ್ರೋ ಬ್ಯಾಗ್) ಹಿಡಿದು ಒಬ್ಬರು ನಿಂತೇ ಇರಬೇಕು. ನೀವು ಹೇಳಿದ ಎರಡೂ ಕಡೆ ದೇವಸ್ಥಾನಕ್ಕೆ ಬಂದವರು ಹೊಳೆಗೆ ಇಳಿಯುತ್ತಾರೆ. ಹಬ್ಬ, ಅಮಾವಾಸ್ಯೆ, ರಜೆಯ ದಿನ ಗೇಟು ಎತ್ತಿ ಕಟ್ಟಿಬಿಡಿ.

ಪ್ರಶ್ನೆ: ಕೆರೆಯಲ್ಲಿ ಗೇಟು ಕಟ್ಟಲು ಯಾರನ್ನು ಕೇಳಬೇಕು? ಒಂದು ಕಚೇರಿಯವರು ಇನ್ನೊಂದು ಕಡೆ ಕಳಿಸುತ್ತಿದ್ದಾರೆ.
– ಕ್ಲಬ್ ಕಾರ್ಯದರ್ಶಿ, ವಿಜಯಪುರ

ಉತ್ತರ: ಮೊದಲು ಆ ಕೆರೆಯ ಅಚ್ಚುಕಟ್ಟು ಎಷ್ಟೆಂದು ಕೇಳಿ. 40 ಹೆಕ್ಟೇರ್‌ವರೆಗೆ ಇದ್ದರೆ ಪಂಚಾಯಿತಿಯದು, 40ರಿಂದ 2,000 ಹೆಕ್ಟೇರ್ ಇದ್ದರೆ ಸಣ್ಣ ನೀರಾವರಿ ಇಲಾಖೆಯದು. ಆಲಮಟ್ಟಿ ಹಿನ್ನೀರಾದರೆ ಕೃಷ್ಣಾ ಭಾಗ್ಯ ಜಲ ನಿಗಮ, ಮಲಪ್ರಭಾ-ಘಟಪ್ರಭಾ ಯೋಜನೆಗಳಾದರೆ ಕರ್ನಾಟಕ ನೀರಾವರಿ ನಿಗಮ. ಭೀಮಗಡ ವನ್ಯಜೀವಿಧಾಮ, ಘಟಪ್ರಭಾ ಪಕ್ಷಿಧಾಮದ ವ್ಯಾಪ್ತಿಯಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ದಾರವನ್ನೂ ಕಟ್ಟಬೇಡಿ. ರಕ್ಕಸಕೊಪ್ಪದಂಥ ಕುಡಿಯುವ ನೀರಿನ ಜಲಾಶಯದ ಆಸೆ ಬೇಡ.

ಅರ್ಜಿಯಲ್ಲಿ ‘ಜಲಕ್ರೀಡೆಗೆ ಅನುಮತಿ’ ಎಂದಷ್ಟೇ ಬರೆದರೆ ಮೋಟರ್ ಬೋಟಿನ ವ್ಯಾಪಾರ ಎಂದುಕೊಂಡು ಕಡತ ಮೂಲೆ ಸೇರುತ್ತದೆ. ಮೋಟರ್ ಇಲ್ಲ, ಕಾಯಂ ಕಟ್ಟಡವಿಲ್ಲ, ಇಷ್ಟೇ ಹಗ್ಗ, ಇಂಥ ತಿಂಗಳಿಂದ ಇಂಥ ತಿಂಗಳವರೆಗೆ, ಬೆಳಿಗ್ಗೆ ಇಂಥ ಹೊತ್ತು, ಒಮ್ಮೆಗೆ ಇಷ್ಟೇ ದೋಣಿ, ಮಳೆಗಾಲಕ್ಕೆ ಬಿಚ್ಚುತ್ತೇವೆ ಎಂದು ನಕ್ಷೆ ಸಮೇತ ಕೊಡಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯ ಶಿಫಾರಸು ಪತ್ರ ಜೊತೆಗಿದ್ದರೆ ಒಳ್ಳೆಯದು. ಕೆರೆಯ ಮೀನು ಗುತ್ತಿಗೆ ಹಿಡಿದವರನ್ನು ಅರ್ಜಿಗಿಂತ ಮೊದಲೇ ಭೇಟಿಯಾಗಿ. ಅವರ ಬಲೆ ಎಲ್ಲಿ, ಯಾವ ಹೊತ್ತಿಗೆ ಎತ್ತುತ್ತಾರೆ ತಿಳಿದುಕೊಂಡು ಆ ಜಾಗ ಬಿಟ್ಟು ಕಟ್ಟಿ. ಅವರು ಒಪ್ಪಿದ ಕೆರೆಯಲ್ಲಿ ಉಳಿದದ್ದು ಸುಲಭ.

ಪ್ರಶ್ನೆ: ನಮ್ಮ ಊರಲ್ಲಿ ಎರಡು ಕ್ಲಬ್. ಗೇಟು ಕಟ್ಟಿದವರು ನಮಗೆ ಬಿಡುತ್ತಿಲ್ಲ, ಹಾಳು ಮಾಡುತ್ತೀರಿ ಎನ್ನುತ್ತಾರೆ. ಏನು ಮಾಡೋಣ?
– ಓದುಗರು, ಬೆಳಗಾವಿ

ಉತ್ತರ: ಅವರ ಚಿಂತೆಯಲ್ಲೂ ಅರ್ಥವಿದೆ. ದೋಣಿಯಲ್ಲಿ ಕೂತು ಕೋಲಿಗೆ ಜೋತುಬೀಳುವುದು, ದಾರ ಬಿಚ್ಚಿದ್ದನ್ನು ಹಾಗೇ ಬಿಟ್ಟುಹೋಗುವುದು ನಡೆಯುತ್ತದೆ. ಆದರೂ ನದಿ ಯಾರೊಬ್ಬರ ಸ್ವತ್ತಲ್ಲ, ಗೇಟು ಬಳಸದೆ ಬಿಸಿಲಿಗೆ ಒಣಗಿದರೆ ಯಾರಿಗೂ ಲಾಭವಿಲ್ಲ. ಕೇಳಲು ಹೋಗುವಾಗ ಬರಿಗೈಲಿ ಹೋಗಬೇಡಿ. ನಿಮ್ಮ ಪಾಲಿನ ನಾಲ್ಕು ಕೋಲು, ಒಂದು ಹಗ್ಗ ಮಾಡಿಕೊಂಡು ಹೋಗಿ, ಅವರ ನಾಲ್ಕು ಗೇಟು ಆರಾಗಲಿ. ವಾರದ ಹೊತ್ತು ಹಂಚಿಕೊಂಡು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಹೊಸ ಮಕ್ಕಳ ತಾಸು, ಸ್ಪರ್ಧಿಗಳ ತಾಸು ಬೇರೆ ಇರಲಿ. ನಾಲ್ಕು ಗೇಟಿನಲ್ಲಿ ಒಮ್ಮೆಗೆ ಆರು ದೋಣಿಗಿಂತ ಹೆಚ್ಚು ಬೇಡ, ಒಬ್ಬರು ಕೊನೆಯ ಗೇಟು ದಾಟಿದ ಮೇಲೆ ಇನ್ನೊಬ್ಬರು ಹೊರಡಲಿ. ಹೊರಡುವ ಮುನ್ನ ಗೇಟನ್ನೆಲ್ಲ ಸಾಧ್ಯವಾದಷ್ಟು ಮೇಲೆಳೆದು ಕಟ್ಟುವುದು ಕೊನೆಗೆ ಬಳಸಿದವರ ಕೆಲಸ.

ಪ್ರಶ್ನೆ: ಕೃಷ್ಣೆಯಲ್ಲಿ ಮೊಸಳೆ ಇವೆಯಲ್ಲ?
– ಒಬ್ಬ ತಾಯಿ, ಬೀಳಗಿ

ಉತ್ತರ: ಇವೆ ತಾಯಿ, ನಿಮ್ಮ ಭಯ ಸರಿಯಾದದ್ದೇ. ಮೊಸಳೆ ಬಿಸಿಲು ಕಾಯುವ ಮಣ್ಣಿನ ದಿಬ್ಬ ಯಾವುದೆಂದು ಮೀನುಗಾರರಿಗೂ ಅರಣ್ಯ ಸಿಬ್ಬಂದಿಗೂ ಗೊತ್ತಿರುತ್ತದೆ. ಅಂಥ ಕಡೆ ಗೇಟು ಕಟ್ಟಲೇಬಾರದು. ನಸುಕಿನಲ್ಲಿ, ಮುಸ್ಸಂಜೆ ನೀರಿಗೆ ಇಳಿಸಬಾರದು. ಬೇಸಿಗೆಯಲ್ಲಿ ನೀರು ಇಳಿದು ಮಡುಗಳಷ್ಟೇ ಉಳಿದಾಗ ನದಿ ಬಿಟ್ಟು ಕೆರೆಗೆ ಹೋಗುವುದು ಕ್ಷೇಮ. ಕ್ಲಬ್ಬಿನವರು ಇದಕ್ಕೆ ಒಪ್ಪದಿದ್ದರೆ ಮಗನನ್ನು ಕಳಿಸಬೇಡಿ.

ಪ್ರಶ್ನೆ: ನಿಂತ ನೀರಿನ ಅಭ್ಯಾಸ ಮುಗಿಸಿದವರು ದೊಡ್ಡ ನೀರಿಗೆ ಎಲ್ಲಿ ಹೋಗಬೇಕು?
– ತರಬೇತುದಾರರು, ಚಿಕ್ಕೋಡಿ

ಉತ್ತರ: ಹತ್ತಿರದ್ದು ಗಣೇಶಗುಡಿಯ ಕಾಳಿ ನದಿ, ಬೆಳಗಾವಿಯಿಂದ ರಸ್ತೆಯಲ್ಲಿ ಎರಡರಿಂದ ಮೂರು ತಾಸು. ಅಲ್ಲಿ ನೀರು ಬರುವುದು ಸೂಪಾ ಅಣೆಕಟ್ಟೆಯ ವಿದ್ಯುತ್ ಉತ್ಪಾದನೆಯನ್ನು ಅವಲಂಬಿಸಿ. ಉತ್ಪಾದನೆ ನಿಂತರೆ ಹೊಳೆಯೂ ಇಳಿಯುತ್ತದೆ. ಹಾಗಾಗಿ ಹೊರಡುವ ಹಿಂದಿನ ದಿನ ಅಲ್ಲಿನ ರ‍್ಯಾಫ್ಟಿಂಗ್ ನಡೆಸುವವರಿಗೆ ಫೋನ್ ಮಾಡಿ ಯಾವ ಹೊತ್ತಿಗೆ ನೀರು ಎಂದು ಕೇಳಿಕೊಳ್ಳಿ. ಸ್ಪರ್ಧೆಯ ಮಟ್ಟದ ಗೇಟು ನೋಡಬೇಕಾದರೆ ಮಧ್ಯಪ್ರದೇಶದ ಮಹೇಶ್ವರ. ನರ್ಮದೆ ಬಂಡೆಗಳ ನಡುವೆ ಹಲವು ಸೀಳಾಗಿ ಹರಿಯುವ ಸಹಸ್ರಧಾರಾ ಅಲ್ಲಿದೆ. 2023ರಲ್ಲಿ ಖೇಲೋ ಇಂಡಿಯಾ ಯೂತ್ ಗೇಮ್ಸ್‌ನ ಸ್ಲಾಲಂ ನಡೆದದ್ದೂ ಅಲ್ಲೇ. ಕಳಿಸುವ ಮುನ್ನ ಒಂದು ಪರೀಕ್ಷೆ ಮಾಡಿ. ನಿಮ್ಮ ಕೆರೆಯಲ್ಲಿ ದೋಣಿ ಮಗುಚಿಸಿ, ಹುಡುಗ ಸ್ಪ್ರೇ ಡೆಕ್ಕಿನ (ಸೊಂಟಕ್ಕೆ ತೊಟ್ಟು ದೋಣಿಯ ಬಾಯಿ ಮುಚ್ಚುವ ಹೊದಿಕೆಯ) ಕುಣಿಕೆ ಎಳೆದು ಗಾಬರಿಯಿಲ್ಲದೆ ಹೊರಬರಬೇಕು. ಹುಟ್ಟು ಬಿಡದೆ, ದೋಣಿ ಹಿಡಿದು 50 ಮೀಟರ್ ಈಜಿ ದಡ ಸೇರಬೇಕು. ಹೆಲ್ಮೆಟ್, ಲೈಫ್ ಜಾಕೆಟ್ ತೊಟ್ಟೇ ಮಾಡಿಸಿ, ಬಲಗಡೆಗೊಮ್ಮೆ ಎಡಗಡೆಗೊಮ್ಮೆ ಮಗುಚಿಸಿ.